ನಕಲಿ ನೋವಿನ ತರಗತಿ

ನೋವನ್ನು ನಟಿಸುವುದು ನನ್ನ ಕಸುಬು. ಕಣ್ಣಿನ ಡಾಕ್ಟರುಗಳು ಪರವಾನಗಿ ಉಳಿಸಿಕೊಳ್ಳಬೇಕಾದರೆ ಆಗಾಗ ತರಗತಿಯಲ್ಲಿ ಕೂತು ಪ್ರಮಾಣಪತ್ರ ಪಡೆಯಬೇಕು. ಅಮಲೇರಿಸುವ ನೋವಿನ ಮಾತ್ರೆಗಳನ್ನು ಯಾರಿಗೆ ಬರೆದುಕೊಡಬೇಕು, ಯಾರಿಗೆ ಕೊಡಬಾರದು ಎಂಬುದು ನಾನು ಹೇಳಹೊರಟ ದಿನದ ಪಾಠ. ನಾನು ಕಣ್ಣು ಹಿಡಿದುಕೊಂಡು ಬಂದು ಮಾತ್ರೆಗಾಗಿ ಗೋಗರೆಯಬೇಕು, ಅವರು ನನ್ನ ಸುಳ್ಳನ್ನು ಹಿಡಿಯಬೇಕು. ಹಿಡಿಯುವುದೇನು ಬಂತು, ನಾನು ನಟಿಯೆಂದು ಮೊದಲೇ ಹೇಳಿರುತ್ತಾರೆ. ಆದರೂ ಹಿಡಿದವರು ಹುಲಿ ಹೊಡೆದವರಂತೆ ಎದೆಯುಬ್ಬಿಸಿ ಸುತ್ತ ನೋಡುತ್ತಾರೆ.

ಕಲಿಯಲು ಬಂದವರ ಚೆಂದವನ್ನೂ ಹೇಳಬೇಕು. ಮುಂದಿನ ಸಾಲು ಫೋನಿನಲ್ಲಿ ಮುಳುಗಿತ್ತು, ಹಿಂದಿನ ಸಾಲು ಗೊರಕೆಯಲ್ಲಿ. ಪರದೆ ಕಾಣಲೆಂದು ದೀಪ ಆರಿಸಿದ್ದು ಎರಡು ಸಾಲಿಗೂ ಅನುಕೂಲವೇ ಆಯಿತು. ಪಾಠ ಮಾಡುತ್ತಿದ್ದ ದೊಡ್ಡ ಡಾಕ್ಟರಿಗೆ ಮಾತ್ರ ಪೂರ್ತಿ ಎಚ್ಚರ. ಅವರ ದನಿ ಅವರಿಗೆ ಅಷ್ಟು ಇಷ್ಟ.

"ನೋವು ಅಂತ ಅಳ್ತಾ ಬರೋರನ್ನ ಮೊದಲು ಅನುಮಾನಿಸಿ," ಎಂದರು. ಅವರ ಅಷ್ಟೂ ವರ್ಷಗಳ ವಿದ್ಯೆ ಅಲ್ಲಿಗೆ ಮುಗಿದಿತ್ತು.

ಅಂದು ನನ್ನ ಜೊತೆ ಅತ್ತೆಯೂ ಬಂದಿದ್ದರು. ಸೊಸೆ ಅಳುವುದನ್ನು ಕಣ್ಣಾರೆ ನೋಡಬೇಕೆಂದು ಅವರಿಗೆ ಬಹಳ ದಿನದ ಆಸೆ. ಅವರನ್ನು ಕೊನೆಯ ಕುರ್ಚಿಯಲ್ಲಿ ಕೂರಿಸಿ, ಅಲ್ಲಿ ಅತ್ತು ಮುಗಿಸಿ, ಮೇಲಿನ ಮಹಡಿಯ ಇನ್ನೊಂದು ತಂಡದ ಮುಂದೆ ಅಳಲು ಹೋದೆ.

ಆಮೇಲಿನದನ್ನು ಅತ್ತೆಯೇ ಹೇಳಿದ್ದು. ಕತ್ತಲಲ್ಲಿ ಕೂತಿದ್ದಂತೆ ಅವರ ಬಲಗಣ್ಣು ನೋಯತೊಡಗಿತು. ಬಾಗಿಲ ಮೇಲಿನ ದೀಪದ ಸುತ್ತ ಬಣ್ಣದ ಬಳೆಗಳು ಕಂಡವು. ತಲೆ ಸಿಡಿಯುತ್ತಿತ್ತು. ಕೋಣೆ ತುಂಬ ಕಣ್ಣಿನ ಡಾಕ್ಟರುಗಳೇ ಇದ್ದಾರಲ್ಲ, ಪುಣ್ಯ ಎಂದುಕೊಂಡು ಗೋಡೆ ಹಿಡಿದು ಮುಂದಕ್ಕೆ ಹೋದರು.

"ಡಾಕ್ಟ್ರೇ, ಕಣ್ಣು ಕಿತ್ತು ಬರೋ ಹಾಗೆ ನೋಯ್ತಿದೆ. ಏನಾದ್ರೂ ಕೊಡಿ."

ದೊಡ್ಡ ಡಾಕ್ಟರು ಸಭೆಯತ್ತ ತಿರುಗಿ ನಕ್ಕರು. "ಎರಡನೇ ಕೇಸ್ ಬಂತು ನೋಡಿ. ಮಾತ್ರೆ ಹೆಸರು ಹೇಳಲಿಲ್ಲ, ಗಮನಿಸಿದ್ರಾ? ಪಳಗಿದವರು."

ಅತ್ತೆ ಕರವಸ್ತ್ರ ಅಡ್ಡ ಹಿಡಿದು ಓಕರಿಸಿದರು. ಯಾರೋ ಚಪ್ಪಾಳೆ ತಟ್ಟಿದರು.

"ಅಭಿನಯ ಸ್ವಲ್ಪ ಜಾಸ್ತಿ ಆಯ್ತಮ್ಮ. ಹೊರಗೆ ಕೂತಿರಿ, ಊಟ ಆದ್ಮೇಲೆ ಚರ್ಚೆಗೆ ಕರೀತೀವಿ."

ಅಷ್ಟು ಜನ ಕಣ್ಣಿನ ಡಾಕ್ಟರುಗಳಲ್ಲಿ ಒಬ್ಬರೂ ಬಗ್ಗಿ ಆ ಕಣ್ಣನ್ನು ನೋಡಲಿಲ್ಲ.

ನಾನು ಕೆಳಗಿಳಿದು ಬಂದಾಗ ಅತ್ತೆ ಹೊರಗಿನ ಬೆಂಚಿನಲ್ಲಿ ಗೋಡೆಗೆ ಹಣೆಯೊತ್ತಿ ಕೂತಿದ್ದರು. ಕಣ್ಣು ಕೆಂಡವಾಗಿತ್ತು. ಅವರ ಎದುರಿನಿಂದಲೇ ಈ ಮಹನೀಯರು ಊಟ ಮುಗಿಸಿ ಹಲ್ಲಿಗೆ ಕಡ್ಡಿ ಆಡಿಸುತ್ತ ಒಳಗೆ ಹೋಗುತ್ತಿದ್ದರು. ನಾನು ದೊಡ್ಡ ಡಾಕ್ಟರ ತೋಳು ಹಿಡಿದು ನಿಲ್ಲಿಸಿದೆ.

"ಇವರು ನಮ್ಮತ್ತೆ. ನಟನೆ ಅಲ್ಲ, ನಿಜವಾಗ್ಲೂ ನೋವು."

"ಬೆಳಗ್ಗೆ ನೀವೂ ಹೀಗೇ ಅಂದ್ರಲ್ಲ ಮೇಡಂ," ಎಂದರು. "ಕಣ್ಣೀರೂ ಹೀಗೇ ಇತ್ತು."

ಮಾತಾಡಿ ಪ್ರಯೋಜನವಿರಲಿಲ್ಲ. ಆತನ ಕೈ ಎಳೆದು ಅತ್ತೆಯ ಮುಚ್ಚಿದ ರೆಪ್ಪೆಯ ಮೇಲಿಟ್ಟೆ. ಬೆರಳಿಗೆ ಕಣ್ಣು ಗೋಲಿಯಂತೆ ಗಟ್ಟಿಯಾಗಿ ಸಿಕ್ಕಿತು. ಆತನ ಮುಖ ಬಿಳಿಚಿಕೊಂಡಿತು. ಆಮೇಲೆ ಓಡಾಟವೇನು, ಹನಿಯೇನು, ಇಂಜೆಕ್ಷನ್ ಏನು. ಕಣ್ಣನ್ನು ಗೋಲಿಯಾಗಿಸಿದ್ದ ಒಳಗಿನ ಒತ್ತಡ ಇಳಿಯಿತು, ಆ ಕಣ್ಣಿನ ದೃಷ್ಟಿ ಮರಳಲಿಲ್ಲ.

"ಸ್ವಲ್ಪ ಮೊದಲೇ ಬಂದಿದ್ರೆ ಉಳೀತಿತ್ತು," ಎಂದರು ದೊಡ್ಡ ಡಾಕ್ಟರು. ಇನ್ನೂ ಮೊದಲು ಎಲ್ಲಿಗೆ ಬರಬೇಕಿತ್ತೋ ಹೇಳಲಿಲ್ಲ. ಅಷ್ಟು ಹೇಸಿಗೆ ನನಗೆ ಯಾರ ಮೇಲೂ ಹುಟ್ಟಿರಲಿಲ್ಲ. ಸಂಜೆ ಎಲ್ಲರೂ ಪ್ರಮಾಣಪತ್ರ ಹಿಡಿದು, ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು.

ಮುಂದಿನ ವರ್ಷ ಆ ತರಗತಿಯ ಮೇಲ್ವಿಚಾರಕ ಫೋನ್ ಮಾಡಿದ. "ಈ ಸಲ ಕಣ್ಣಿನ ಒತ್ತಡದ ಪಾಠ ಮೇಡಂ. ನಿಮ್ಮತ್ತೆ ಕೇಸೇ ಇಟ್ಕೊಂಡಿದ್ದೀವಿ. ಅವರ ಪಾತ್ರ ನೀವೇ ಮಾಡಿದ್ರೆ ಚೆನ್ನಾಗಿರುತ್ತೆ."

ನಾನು ಬಾಯಿಗೆ ಬಂದಂತೆ ಬೈಯುವ ಮೊದಲೇ ಅತ್ತೆ ಫೋನ್ ಕಿತ್ತುಕೊಂಡರು.

"ಬರ್ತೀವಪ್ಪ. ನನ್ನ ಪಾತ್ರ ಇವಳು ಮಾಡಲಿ, ಡಾಕ್ಟರ ಪಾತ್ರ ನಾನು ಮಾಡ್ತೀನಿ. ನೋಡದೆ ಹೊರಗೆ ಕಳಿಸೋದು ತಾನೇ, ಅದಕ್ಕೆ ಈ ಬಲಗಣ್ಣೇ ಸಾಕು."