ಟೇಪ್ ರೆಕಾರ್ಡರಿನ ಬಾಲ

ಗೋಡೆಯಲ್ಲಿ ಕರೆಂಟ್ ಇತ್ತು. ಅಡಾಪ್ಟರಿನಲ್ಲೂ ಇತ್ತು, ಮೀಟರಿನ ಮುಳ್ಳು ಒಂಬತ್ತರ ಗೆರೆ ದಾಟಿ ನಿಂತಿತ್ತು. ಹಾಗಾದರೆ ದೋಷ ಪೆಟ್ಟಿಗೆಯೊಳಗೇ ಇರಬೇಕು. ಅವನು ಗುಂಡಿಯನ್ನು ಐದನೆಯ ಸಲ ಒತ್ತಿದ. ಕೆಂಪು ದೀಪ ಹತ್ತಲಿಲ್ಲ. ನಾಲ್ಕು ಸಲ ಹತ್ತದಿದ್ದದ್ದು ಐದನೆಯ ಸಲ ಹತ್ತುವುದಕ್ಕೆ ಯಾವ ಕಾರಣವೂ ಇಲ್ಲವೆಂದು ತಿಳಿದೂ ಒತ್ತಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಇಪ್ಪತ್ತೊಂದು ವರ್ಷದಿಂದ ಅವನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದ. ಕೆಟ್ಟ ಯಂತ್ರದ ದೋಷ ಹುಡುಕುವುದು ಹೇಗೆಂದು ಪ್ರತಿ ವರ್ಷ ನೋಟ್ಸ್ ಬರೆಸುತ್ತಿದ್ದ. ಮೊದಲು ನೋಡು, ಆಮೇಲೆ ಅಳೆ, ಕಡೆಗೆ ಮುಟ್ಟು. ವಿದ್ಯಾರ್ಥಿಗಳು ಅಡಿಗೆರೆ ಹಾಕಿ ಬರೆದುಕೊಳ್ಳುತ್ತಿದ್ದರು. ಮುಟ್ಟುವ ಕೆಲಸ ಮಾತ್ರ ಲ್ಯಾಬಿನ ಮೆಕ್ಯಾನಿಕ್‌ನದು. ತಾನು ಬಾಗಿಲಲ್ಲಿ ನಿಂತು ಹಾಜರಿ ಹಾಕಿ ಸ್ಟಾಫ್ ರೂಮಿಗೆ ಹೋಗಿಬಿಡುತ್ತಿದ್ದ. ದಡದ ಮೇಲೆ ನಿಂತು ಈಜು ಕಲಿಸುವವನು ಲೋಕದಲ್ಲಿ ಅವನೊಬ್ಬನೇ ಏನಲ್ಲ.

ಪೆಟ್ಟಿಗೆಯನ್ನು ಅಕ್ಕ ನಿನ್ನೆ ಸಂಜೆ ಹಳೆಯ ಟವೆಲಿನಲ್ಲಿ ಸುತ್ತಿ ತಂದಿದ್ದಳು. ವಿಡಿಯೋ ಗೇಮ್ ಪೆಟ್ಟಿಗೆ. ಹಡಗಿನಲ್ಲಿ ಕೆಲಸದಲ್ಲಿದ್ದ ಸೋದರಮಾವ ತಂದುಕೊಟ್ಟದ್ದು. ಆಗ ಅವಳಿಗೆ ಹದಿನಾಲ್ಕು, ಅವನಿಗೆ ಹನ್ನೊಂದು. ಬಂದ ವರ್ಷದೊಳಗೇ ಕೆಟ್ಟು ಕೂತಿತ್ತು. ಬೂದು ಬಣ್ಣದ ಪ್ಲಾಸ್ಟಿಕ್ಕು ಈಗ ಹಳದಿಗೆ ತಿರುಗಿತ್ತು.

"ಮನೆ ಬದಲಾಯಿಸ್ತಿದ್ದೀನಿ. ಅಟ್ಟದ ಮೇಲಿತ್ತು," ಎಂದಳು ಅಕ್ಕ.

"ಇನ್ನೂ ಇಟ್ಕೊಂಡಿದ್ಯಾ?"

"ಎಸೆಯೋಕೆ ಮನಸ್ಸು ಬರ್ಲಿಲ್ಲ."

"ಇದು ಇನ್ನು ಸರಿಹೋಗೋದು ಕಷ್ಟ ಅಕ್ಕ."

"ಸರಿಹೋಗದಿದ್ರೂ ಪರವಾಗಿಲ್ಲ ಗುಂಡ. ನನ್ನ ಒದ್ದೆ ಕೈ ತಾಗಿ ಒಳಗೆ ಏನು ಸುಟ್ಟಿತು ಅಂತ ಹೇಳು, ಸಾಕು. ನೀನು ಓದಿದವನು. ನಾಳೆ ಸಂಜೆ ಬರ್ತೀನಿ."

ಕಡ್ಡಿಯ ಹಾಗಿದ್ದ ಅವನನ್ನು ಗುಂಡ ಎಂದು ಕರೆಯುವವರು ಅವಳೊಬ್ಬಳೇ ಉಳಿದಿದ್ದಳು. ವರ್ಷಕ್ಕೆ ಮೂರು ಸಲ ಬರುತ್ತಿದ್ದಳು, ಮಂಡಿನೋವಿನ ವಿಷಯ ಮಾತಾಡುತ್ತಿದ್ದಳು, ಕಾಫಿಯನ್ನು ಅರ್ಧ ಬಿಟ್ಟು ಹೋಗುತ್ತಿದ್ದಳು. ಅಕ್ಕ ತಮ್ಮನ ನಡುವೆ ಜಗಳವೇನೂ ಇರಲಿಲ್ಲ. ಜಗಳವಾಡುವಷ್ಟು ಸಲಿಗೆಯೇ ಉಳಿದಿರಲಿಲ್ಲ.

ಅವನು ಸ್ಕ್ರೂ ಬಿಚ್ಚಿದ. ಐದರಲ್ಲಿ ಒಂದು ಮಂಚದ ಕೆಳಗೆ ಉರುಳಿ ಹೋಯಿತು. ಹೊಟ್ಟೆಯ ಮೇಲೆ ಮಲಗಿ ಹುಡುಕಿ ತೆಗೆದ. ಮುಚ್ಚಳ ಎತ್ತಿದಾಗ ಧೂಳಿನ ಕೆಳಗೆ ಹಸಿರು ಬೋರ್ಡು ಕಂಡಿತು. ಕರೆಂಟ್ ಒಳಗೆ ಬರುವ ಬಾಗಿಲಲ್ಲೇ, ಅಕ್ಕಿಕಾಳಿನಷ್ಟು ಗಾತ್ರದ ಡಯೋಡೊಂದು ಸುಟ್ಟು ಕರಕಲಾಗಿತ್ತು. ಅದರ ಪಕ್ಕದ ಫ್ಯೂಸೂ ಹೋಗಿತ್ತು. ಅಳೆಯುವ ಅಗತ್ಯವಿರಲಿಲ್ಲ. ಆದರೂ ಅಳೆದ, ಎರಡು ಸಲ.

ಆ ಡಯೋಡಿಗೆ ಇರುವುದು ಒಂದೇ ಕೆಲಸ. ಪ್ಲಸ್ ಬರಬೇಕಾದಲ್ಲಿ ಮೈನಸ್ ಬಂದರೆ ತಾನು ಸುಟ್ಟುಕೊಂಡು ಒಳಗಿನದನ್ನೆಲ್ಲ ಕಾಪಾಡುವುದು. ಬೇರೆ ಯಾವುದೋ ಅಡಾಪ್ಟರ್ ಚುಚ್ಚಿ ಪ್ಲಸ್ ಮೈನಸ್ ಅದಲುಬದಲಾದರೆ ಮಾತ್ರ ಅದು ಹೀಗೆ ಸುಡುತ್ತದೆ. ಒದ್ದೆ ಕೈಗೂ ಅದಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧವೂ ಇಲ್ಲ. ಐದು ಅಂಕದ ಪ್ರಶ್ನೆ. ಅವನೇ ಎಷ್ಟೋ ವರ್ಷ ಕೇಳಿದ್ದ.

ಅವನು ಮೀಟರು ಕೆಳಗಿಟ್ಟು ಹೋಗಿ ಮುಖ ತೊಳೆದುಕೊಂಡು ಬಂದ. ಡಯೋಡ್ ಅಲ್ಲೇ ಇತ್ತು.

ಪರೀಕ್ಷೆ ಬಂತೆಂದರೆ ಅಮ್ಮ ಪೆಟ್ಟಿಗೆಯನ್ನು ಮುಟ್ಟುತ್ತಿರಲಿಲ್ಲ. ಅದರ ಅಡಾಪ್ಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಅಡಾಪ್ಟರಿಗೆ ಮನೆಯಲ್ಲಿ ಬಾಲವೆಂದೇ ಹೆಸರು. "ಬಾಲ ಕಿತ್ತಿಟ್ಟಿದ್ದೀನಿ, ಇನ್ನು ಓದ್ಕೊಳ್ಳಿ," ಎನ್ನುತ್ತಿದ್ದಳು. ಆದರೆ ಅಪ್ಪನ ಟೇಪ್ ರೆಕಾರ್ಡರಿಗೂ ಒಂದು ಬಾಲವಿತ್ತು. ಅದೂ ಒಂಬತ್ತು ವೋಲ್ಟೇ. ಒಂದು ಮಧ್ಯಾಹ್ನ, ಮನೆಯಲ್ಲಿ ಎಲ್ಲರೂ ಮಲಗಿದ್ದಾಗ, ಅವನು ಅದನ್ನು ತಂದು ಪೆಟ್ಟಿಗೆಯ ತೂತಿಗೆ ಸಿಕ್ಕಿಸಿದ. ಹೇಳಿ ಮಾಡಿಸಿದ ಹಾಗೆ ಕೂತಿತು. ಒಳಗೆ ಪ್ಲಸ್ಸು ಮೈನಸ್ಸು ತಿರುಗಾಮುರುಗಾ ಎಂಬುದು ಹನ್ನೊಂದು ವರ್ಷದವನಿಗೆ ಹೇಗೆ ಗೊತ್ತಾಗಬೇಕು? ಟಪ್ ಎಂದು ಸಣ್ಣ ಸದ್ದು, ಸುಟ್ಟ ವಾಸನೆ. ಅವನು ಬಾಲ ಕಿತ್ತು, ಟೇಪ್ ರೆಕಾರ್ಡರಿನ ಪಕ್ಕ ಹೇಗಿತ್ತೋ ಹಾಗೇ ಸುರುಳಿ ಸುತ್ತಿಟ್ಟು, ಭೂಗೋಳದ ಪುಸ್ತಕ ಹಿಡಿದು ಕೂತ.

ವಾರದ ಮೇಲೆ ಪರೀಕ್ಷೆ ಮುಗಿಯಿತು. ಅಮ್ಮ ಬೀರು ತೆಗೆದು ನಿಜವಾದ ಬಾಲವನ್ನು ಕೊಟ್ಟಳು. ತಲೆಸ್ನಾನ ಮಾಡಿ ಬಂದ ಅಕ್ಕ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೆಯೇ ಓಡಿಬಂದು ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತಿದ್ದ. "ಒದ್ದೆ ಕೈಲಿ ಮುಟ್ಟಿ ಸುಟ್ಟುಹಾಕಿದ್ಯಲ್ಲೇ," ಎಂದ. ಹೊಡೆಯಲಿಲ್ಲ. ಹೊಡೆದಿದ್ದರೆ ಎರಡು ದಿನದಲ್ಲಿ ಎಲ್ಲರೂ ಮರೆಯುತ್ತಿದ್ದರೇನೋ.

ಅಕ್ಕ ಗಡಿಯಾರ ಬಿಚ್ಚಿ ಜೋಡಿಸುತ್ತಿದ್ದವಳು. ಇಸ್ತ್ರಿಪೆಟ್ಟಿಗೆಯ ವಯರನ್ನು ಯಾರಿಗೂ ಹೇಳದೆ ಬದಲಾಯಿಸಿದ್ದವಳು. ಆ ದಿನದಿಂದ 'ಅವಳ ಕೈಗೆ ಕೊಡಬೇಡಿ, ಸುಟ್ಟುಹಾಕ್ತಾಳೆ' ಎಂಬುದು ಮನೆಯ ತಮಾಷೆಯಾಯಿತು. ತಮಾಷೆ ತೀರ್ಪಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಎಲೆಕ್ಟ್ರಾನಿಕ್ಸ್ ಓದುತ್ತೇನೆ ಎಂದಾಗ ಅಪ್ಪ ನಕ್ಕುಬಿಟ್ಟ. ಅವಳು ಟೈಪಿಂಗ್ ಕಲಿತು ನೋಂದಣಿ ಕಚೇರಿ ಸೇರಿದಳು. ಮೂರು ವರ್ಷದ ನಂತರ ಎಲೆಕ್ಟ್ರಾನಿಕ್ಸಿಗೆ ಸೇರಿದವನು ಅವನು. ಆಸೆಪಟ್ಟು ಸೇರಿದ್ದಲ್ಲ, ಬೇಡವೆನ್ನಲು ಕಾರಣವಿರಲಿಲ್ಲ.

ಮರೆತಿದ್ದನೆಂದರೆ ಸುಳ್ಳಾಗುತ್ತದೆ. ನೆನಪಿಸಿಕೊಳ್ಳದೆ ಇದ್ದ. ಅದಕ್ಕೂ ಅಭ್ಯಾಸ ಬೇಕು, ಅವನಿಗೆ ಅದು ಚೆನ್ನಾಗಿ ಅಭ್ಯಾಸವಾಗಿತ್ತು. ಅಂದು ಸುಟ್ಟದ್ದು ಬರೀ ಅಡಾಪ್ಟರಿರಬಹುದು, ಪೆಟ್ಟಿಗೆ ಕೆಟ್ಟದ್ದು ಅಕ್ಕನಿಂದಲೇ ಇರಬಹುದು ಎಂದು ಒಂದು ಕಿಂಡಿ ಬಿಟ್ಟುಕೊಂಡಿದ್ದ. ಅಪ್ಪನ ಟೇಪ್ ರೆಕಾರ್ಡರ್ ಅದೇ ಬಾಲದಲ್ಲಿ ಆಮೇಲೂ ವರ್ಷಗಟ್ಟಲೆ ಹಾಡಿತು. ಅದನ್ನು ಕೇಳಿಯೂ ಆ ಕಿಂಡಿಯನ್ನು ಅವನು ಮುಚ್ಚಿರಲಿಲ್ಲ.

ಬೋರ್ಡನ್ನು ಬಟ್ಟೆಯಲ್ಲಿ ಸುತ್ತಿ, ಅಡಾಪ್ಟರಿನ ಜೊತೆ ಬ್ಯಾಗಿಗೆ ಹಾಕಿಕೊಂಡು ಅವನು ಬೀದಿಗಿಳಿದ.

ಜೆರಾಕ್ಸ್ ಅಂಗಡಿಗೂ ಕೀಲಿಕೈ ಮಾಡುವವನ ಗೂಡಿಗೂ ನಡುವೆ ಒಂದು ರಿಪೇರಿ ಅಂಗಡಿ. ಬಾಗಿಲ ಮೇಲಿನ ಫಲಕದಲ್ಲಿ 'ಹೊಗೆ ಎಲೆಕ್ಟ್ರಾನಿಕ್ಸ್' ಎಂದು ದಪ್ಪಕ್ಷರದಲ್ಲಿತ್ತು. ಅಂಗಡಿಯವನು ಅವನ ಹಳೆಯ ವಿದ್ಯಾರ್ಥಿ. ಲ್ಯಾಬಿನಲ್ಲಿ ವಾರಕ್ಕೊಂದು ಪಾರ್ಟು ಸುಡುತ್ತಿದ್ದವನಿಗೆ ಹೊಗೆ ಎಂದು ಹೆಸರಿಟ್ಟವನು ಮೇಷ್ಟರಾದ ಅವನೇ. ಎರಡು ಸಲ ಫೇಲು ಮಾಡಿದವನೂ ಅವನೇ. ಆ ಹೆಸರನ್ನು ಶಿಷ್ಯ ಅವಮಾನವೆಂದುಕೊಳ್ಳದೆ ಬಣ್ಣ ಬಳಿಸಿ ಬಾಗಿಲ ಮೇಲೆ ತೂಗುಹಾಕಿದ್ದನ್ನು ಕಂಡಾಗಲೆಲ್ಲ ಅವನು ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದ. ಇವತ್ತು ದಾಟಲಿಲ್ಲ.

"ಏನ್ ಸಾರ್, ದಾರಿ ತಪ್ಪಿ ಬಂದ್ರಾ?" ಎಂದ ಹೊಗೆ, ಕಣ್ಣಿನಿಂದ ಭೂತಗನ್ನಡಿ ತೆಗೆಯುತ್ತ.

"ಇದನ್ನ ಸ್ವಲ್ಪ ನೋಡು."

ಹೊಗೆ ಬೋರ್ಡನ್ನು ಒಂದು ಸಲ ತಿರುಗಿಸಿದ, ಅಷ್ಟೆ. "ಉಲ್ಟಾ ಹೊಡೆದಿದೆ ಸಾರ್. ಯಾರೋ ಬೇರೆ ಅಡಾಪ್ಟರ್ ಚುಚ್ಚಿದ್ದಾರೆ. ಯಾರದು?"

"ನಮ್ಮಕ್ಕಂದು."

"ಅಕ್ಕ ಚುಚ್ಚಿದ್ರಾ?"

"ಎರಡು ಪಾರ್ಟು ಸಿಗುತ್ತಾ, ಹೇಳು."

"ಸಿಗುತ್ತೆ. ಅಲ್ಲಾ ಸಾರ್, ನಾನು ಇಂಥವು ಎಷ್ಟು ಸುಟ್ಟಿಲ್ಲ ನಿಮ್ಮ ಲ್ಯಾಬಲ್ಲಿ. ಸುಟ್ಟೇ ಕಲ್ತಿದ್ದು. ಒಂದು ಅನುಕೂಲ ಏನಂದ್ರೆ, ನಾನು ಸುಟ್ರೆ ಎಲ್ರಿಗೂ ಗೊತ್ತಾಗ್ತಿತ್ತು. ಮುಚ್ಚಿಡೋ ಕಷ್ಟ ಇರ್ಲಿಲ್ಲ."

ಅವನು ಗೋಡೆಯ ಮೇಲಿದ್ದ ಬಿಚ್ಚಿದ ರೇಡಿಯೋಗಳನ್ನು ನೋಡಿದ. ಹೊಗೆ ಹಳೆಯ ಡಯೋಡನ್ನು ಕಿತ್ತು, ಹೊಸದನ್ನಿಟ್ಟು, ಕಾದ ಸೋಲ್ಡರಿಂಗ್ ಐರನ್ನನ್ನು ಅವನ ಕಡೆ ಚಾಚಿದ.

"ಹಿಡೀರಿ ಸಾರ್."

"ನಾನಾ?"

"ನಿಮ್ಮಕ್ಕಂದು ತಾನೆ. ತುದಿ ಮುಟ್ಟಬೇಡಿ, ಅಷ್ಟು ನೋಡ್ಕೊಳ್ಳಿ."

ಅವನು ತುದಿಯನ್ನೇ ಮುಟ್ಟಿದ. ಬೆರಳು ಚುರ್ ಎಂದಿತು. ಹೊಗೆ ನಗಲಿಲ್ಲ, ಒದ್ದೆ ಸ್ಪಂಜನ್ನು ಇತ್ತ ಸರಿಸಿದ. ಎರಡನೆಯ ಪ್ರಯತ್ನದಲ್ಲಿ ಸೀಸ ಕರಗಿ, ಉಬ್ಬಿ, ಒಂದು ಕಡೆಗೆ ವಾಲಿ ಗಟ್ಟಿಯಾಯಿತು. ಇಪ್ಪತ್ತೊಂದು ವರ್ಷ ಬಾಯಲ್ಲಿ ಹೇಳಿದ್ದನ್ನು ಕೈ ಮೊದಲ ಸಲ ಮಾಡಿತ್ತು. ಅವನಿಗೆ ಚಿಕ್ಕವನ ಹಾಗೆ ಖುಷಿಯಾಯಿತು.

"ಚೆಂದ ಇಲ್ಲ," ಎಂದ ಹೊಗೆ ಬಗ್ಗಿ ನೋಡಿ. "ಹಿಡ್ಕೊಳ್ಳುತ್ತೆ."

"ಪಾಸಾ?"

"ಕೃಪಾಂಕ ಹಾಕಿದ್ರೆ ಪಾಸು ಸಾರ್."

ಫ್ಯೂಸನ್ನೂ ಅವನೇ ಹಾಕಿದ. ವಯರು ಸಿಕ್ಕಿಸಿದಾಗ ಕೆಂಪು ದೀಪ ಹತ್ತಿತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತರು.

ಹೊರಡುವಾಗ ಹೊಗೆ ಹೇಳಿದ: "ಅಕ್ಕ ಏನಾಗಿತ್ತು ಅಂತ ಕೇಳಿದ್ರೆ, ಹಳೇ ಸಾಮಾನು, ಆಯಸ್ಸು ಮುಗಿದಿತ್ತು ಅನ್ನಿ ಸಾರ್. ಗಿರಾಕಿಗಳಿಗೆ ನಾನು ಅದನ್ನೇ ಹೇಳೋದು. ಯಾರ ಮನಸ್ಸೂ ನೋಯಲ್ಲ."

ದಾರಿಯುದ್ದಕ್ಕೂ ಅವನು ಆ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡ. ಆಯಸ್ಸು ಮುಗಿದಿತ್ತು. ಕೇಳಲು ಚೆನ್ನಾಗಿತ್ತು. ಅದರಲ್ಲಿ ಅಕ್ಕನೂ ಇರಲಿಲ್ಲ, ತಾನೂ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ವಾಕ್ಯ ಸಿಗಲಾರದು. ಮನೆ ತಲುಪುವ ಹೊತ್ತಿಗೆ ಅವನಿಗೆ ಅದು ಬಾಯಿಪಾಠವಾಗಿತ್ತು.

ಐದೂವರೆಗೆ ಅಕ್ಕ ಬಂದಳು. ಪೆಟ್ಟಿಗೆ ಟಿವಿಯ ಮುಂದೆ ಇತ್ತು. ಅವನು ಗುಂಡಿ ಒತ್ತಿದ. ದೀಪ ಹತ್ತಿತು. ಆಡುವ ಕ್ಯಾಸೆಟ್ಟುಗಳು ಯಾವ ಕಾಲದಲ್ಲೋ ಕಳೆದುಹೋಗಿದ್ದರಿಂದ ಟಿವಿಯ ಪರದೆಯಲ್ಲಿ ಬರೀ ಬೂದು ಬೆಳಕು ತುಂಬಿಕೊಂಡಿತು. ಅಕ್ಕ ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು.

"ಎದ್ದಿತಲ್ಲೋ."

"ಹೂಂ."

"ಏನಾಗಿತ್ತು?"

"ಹಳೇ ಸಾಮಾನು ಅಕ್ಕ. ಆಯಸ್ಸು ಮುಗಿದಿತ್ತು."

"ಹೌದಾ," ಎಂದಳು ಅಕ್ಕ. ತಲೆಯಾಡಿಸಿದಳು. ಇನ್ನೇನೂ ಕೇಳದೆ ಕುರ್ಚಿಯ ಮೇಲಿದ್ದ ತನ್ನ ಟವೆಲನ್ನು ಎತ್ತಿಕೊಂಡು ಮಡಿಸತೊಡಗಿದಳು.

ಅವಳು ಗೊಣಗಿದ್ದರೆ, ಅನುಮಾನಪಟ್ಟಿದ್ದರೆ, ಅವನು ಆ ವಾಕ್ಯಕ್ಕೆ ಇನ್ನೆರಡು ವಾಕ್ಯ ಸೇರಿಸುತ್ತಿದ್ದನೋ ಏನೋ. ಅವಳು ಒಪ್ಪಿಕೊಂಡಳು. ಅಪ್ಪ ಹೇಳಿದಾಗ ಒಪ್ಪಿಕೊಂಡ ಹಾಗೆ, ಟೈಪಿಂಗ್ ಕ್ಲಾಸಿಗೆ ಹೋಗೆಂದಾಗ ಒಪ್ಪಿಕೊಂಡ ಹಾಗೆ. ಆ ಮಡಿಸುವ ಕೈಗಳನ್ನು ನೋಡಲು ಅವನಿಂದಾಗಲಿಲ್ಲ.

"ಅಕ್ಕ, ನಿನ್ನಿಂದ ಅಲ್ಲ."

"ಏನು?"

"ಟೇಪ್ ರೆಕಾರ್ಡರಿನ ಬಾಲ ಹಾಕಿದ್ದೆ. ನಾನು. ಪರೀಕ್ಷೆ ವಾರದಲ್ಲಿ. ನೀನು ಮುಟ್ಟೋಕೆ ಮುಂಚೆನೇ ಸತ್ತಿತ್ತು. ಒದ್ದೆ ಕೈ ಅನ್ನೋದೆಲ್ಲ ಸುಳ್ಳು."

ಕೆಳಗಿನ ಮನೆಯಲ್ಲಿ ಯಾರೋ ಮಿಕ್ಸಿ ಹಾಕಿದರು. ಅದು ನಿಲ್ಲುವ ತನಕ ಇಬ್ಬರೂ ಕಾದರು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಆಗ್ಲೇ?"

"ಆಗ್ಲೇ."

ಅಕ್ಕ ನೆಲದ ಮೇಲೆ ಕೂತಳು. ಅವನಿಗೆ ನಾಚಿಕೆಯಾಗುತ್ತಿತ್ತು, ಅದರ ಜೊತೆಗೇ ಎದೆ ಹಗುರವಾಗುತ್ತಿತ್ತು, ಹಗುರವಾಗುತ್ತಿರುವುದಕ್ಕೆ ಮತ್ತಷ್ಟು ನಾಚಿಕೆಯಾಗುತ್ತಿತ್ತು. ಅವಳು ಬೈಯಲಿ ಎಂದುಕೊಂಡ. ಅಳಲಿ ಎಂದುಕೊಂಡ. ಕ್ಷಮಿಸಿದೆ ಎನ್ನಲಿ ಎಂದೂ, ಒಳಗೊಳಗೆ, ಕಳ್ಳನ ಹಾಗೆ ಆಸೆಪಟ್ಟ.

"ಸ್ಕ್ರೂಡ್ರೈವರ್ ಕೊಡು," ಎಂದಳು ಅಕ್ಕ.

"ಸರಿಹೋಗಿದೆಯಲ್ಲ ಅಕ್ಕ, ಈಗ ಮತ್ತೆ ಯಾಕೆ—"

"ನಾನು ನೋಡ್ಬೇಕು."

ಅವಳೇ ವಯರು ಕಿತ್ತಳು. ಪೆಟ್ಟಿಗೆಯನ್ನು ಬೋರಲು ಹಾಕಿ, ಟವೆಲನ್ನು ಹಾಸಿ, ಐದು ಸ್ಕ್ರೂಗಳನ್ನು ಸಾಲಾಗಿಟ್ಟಳು. ಒಂದೂ ಉರುಳಲಿಲ್ಲ. ಮುಚ್ಚಳ ತೆಗೆದು ಅವನ ವಾಲಿದ ಸೀಸದ ಉಂಡೆಯ ಮೇಲೆ ಬೆರಳಿಟ್ಟಳು. "ಇದಾ?"

"ಅದೇ. ಸುಟ್ಟಿದ್ದು ಅದೇ."

"ಇಷ್ಟೇನಾ," ಎಂದಳು.

ಅಲ್ಲಿಗೆ ನಿಲ್ಲಿಸುತ್ತಾಳೆಂದು ಅವನು ಭಾವಿಸಿದ್ದ. ನಿಲ್ಲಿಸಲಿಲ್ಲ. ಬೋರ್ಡನ್ನು ಎತ್ತಿದಳು. ಅದರ ಕೆಳಗಿನ ತಗಡನ್ನು ಬಿಚ್ಚಿದಳು. ಗುಂಡಿಯ ಒಳಗಿದ್ದ ಸಣ್ಣ ಸ್ಪ್ರಿಂಗನ್ನು ಉಗುರಿನಲ್ಲಿ ಎಬ್ಬಿಸಿ ತೆಗೆದಳು.

"ಅದನ್ನ ತೆಗೀಬೇಡ ಅಕ್ಕ. ತಿರುಗಿ ಕೂರಿಸೋದು ಕಷ್ಟ."

ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿದರೂ ಬೇಕಾಗಿರಲಿಲ್ಲವೋ. ಅವಳ ಮುಖದಲ್ಲಿ ಇದ್ದದ್ದು ಸಿಟ್ಟೋ ಸಂತೋಷವೋ ಅವನಿಗೆ ತಿಳಿಯಲಿಲ್ಲ. ನಲವತ್ತೇಳು ವರ್ಷದ ಹೆಂಗಸು ಮಂಡಿನೋವು ಮರೆತು ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಆಗಷ್ಟೇ ಜೀವ ಬಂದಿದ್ದ ಯಂತ್ರ ತುಂಡು ತುಂಡಾಗಿ ಟವೆಲಿನ ಮೇಲೆ ಹರಡಿಕೊಳ್ಳುತ್ತಿತ್ತು. ಯಾವುದಾದ ಮೇಲೆ ಯಾವುದೆಂಬುದು ಅವಳಿಗಷ್ಟೇ ಗೊತ್ತಿತ್ತು. ಅವಳಿಗೂ ಗೊತ್ತಿತ್ತೋ ಇಲ್ಲವೋ.

ಕಿಟಕಿಯಲ್ಲಿ ಬೆಳಕು ಇಳಿಯಿತು. ಅವನು ಒಳಗೆ ಹೋಗಿ ಓದುವ ಮೇಜಿನ ದೀಪವನ್ನು ತಂದು, ವಯರನ್ನು ಗೋಡೆಗೆ ಸಿಕ್ಕಿಸಿ, ಅವಳ ಹಿಂದೆ ನಿಂತು ಎತ್ತಿ ಹಿಡಿದ.

"ಗುಂಡ," ಎಂದಳು ಅಕ್ಕ, ತಲೆಯೆತ್ತದೆ. "ನಿನ್ನ ನೆರಳು ಬೀಳ್ತಿದೆ. ಸ್ವಲ್ಪ ಪಕ್ಕಕ್ಕೆ ಹೋಗು."

ಅವನು ದೀಪವನ್ನು ಅಲ್ಲೇ ಹಿಡಿದು, ತಾನು ಪಕ್ಕಕ್ಕೆ ಸರಿದ.