ವೀರೇಶನ ಸ್ಟಾಪ್ ಬಟನ್

ನಿಲ್ಲಿಸಲು ಬಾರದವ ನೆಲ ಡೊಂಕು ಅಂದನಂತೆ. ಗಾದೆ ಸುಳ್ಳಾದರೂ ಕಂಪ್ಲಿಯ ಈ ಕತೆ ಸುಳ್ಳಲ್ಲ.

"ತಪ್ಪು ಸಾಫ್ಟ್‌ವೇರಿಂದಲ್ಲ ಮೇಡಂ. ಮುಂದ ಕುಂತಿರೋ ಮನುಷ್ಯಾಂದು," ಎಂದು ವೀರೇಶ ಕಂಪ್ಯೂಟರ್ ಆಪರೇಟರ್ ತಿಪ್ಪೇಶನ ಕಡೆ ಪೆನ್ನು ತೋರಿಸಿದ. ಗಿರಣಿಗೆ ಆ ಸಾಫ್ಟ್‌ವೇರ್ ಬರೆದುಕೊಟ್ಟು, ಹೊಸಪೇಟೆಯಿಂದ ಕಾರಿನಲ್ಲಿ ಬಂದವನು. ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. ಕಂಪನಿಯಲ್ಲಿ ಇದ್ದವನು ಅವನೊಬ್ಬನೇ ಆದರೂ ಯಾರು ಯಾರೆಂದು ಗೊಂದಲವಾಗಬಾರದಲ್ಲ.

ಅಕ್ಕಿ ಗಿರಣಿಯ ಯಜಮಾನಿ ಗಂಗಾಂಬಿಕಾ ಹೇಳುವುದನ್ನು ಬೆಳಿಗ್ಗೆಯೇ ಹೇಳಿದ್ದರು: ತಪ್ಪು ತಿಪ್ಪೇಶನದೇ ಆದರೆ ಸೋಮವಾರದಿಂದ ಆ ಕುರ್ಚಿಗೆ ಬೇರೆ ಹುಡುಗ.

ಕುದಿಸಿದ ಭತ್ತವನ್ನು ಎರಡು ಸಲ ಒಣಗಿಸಬೇಕು. ತೇವ ಶೇಕಡಾ ಹದಿನೆಂಟಕ್ಕೆ ಇಳಿದಾಗ ಒಮ್ಮೆ ನಿಲ್ಲಿಸಿ, ಕೆಲವು ತಾಸು ಸುಧಾರಿಸಿಕೊಳ್ಳಲು ಬಿಟ್ಟು, ಮತ್ತೆ ಹದಿನಾಲ್ಕಕ್ಕೆ ತರಬೇಕು. ನಲವತ್ತು ವರ್ಷ ಇದನ್ನು ಗಿರಣಿಯ ಹಳೆಯ ಮಿಸ್ತ್ರಿ ಮೂಕಣ್ಣ ಒಂದು ಕಾಳು ಕಚ್ಚಿ ಹೇಳುತ್ತಿದ್ದ. "ಹಲ್ಲಿನಾಗ ಡಾಟಾ ಬರಲ್ಲ ಅಜ್ಜ," ಎಂದು ವೀರೇಶ ಅದನ್ನು ಬಿಡಿಸಿದ್ದ. ಈಗ ಕಾವಲಿಗೆ ಅವನ ಪ್ರೋಗ್ರಾಮ್. ಪರದೆಯ ಹಿಂದೆ ಯಾರಿಗೂ ಕಾಣದೆ ಕೂತು ಡ್ರೈಯರಿನ ತೇವ ನೋಡುತ್ತಿದ್ದು, ಹೇಳಿದ ಅಂಕಿ ಬಂದ ಕೂಡಲೇ ಸ್ಪೀಕರಿನಲ್ಲಿ ಕೂಗುತ್ತಿತ್ತು: "ಗಮನಿಸಿ. ಭತ್ತ ಒಣಗಿದೆ. ಇಳಿಸಬಹುದು." ದನಿ ವೀರೇಶನದೇ. ಬೇರೆ ಯಾರ ದನಿಯೂ ಅವನಿಗೆ ಹಿಡಿಸಿರಲಿಲ್ಲ.

ಹೋದ ವಾರ ಎರಡನೇ ಸಲ ಒಣಗಿಸಲು ಶುರುಮಾಡಿ, ತಿಪ್ಪೇಶ ಊಟಕ್ಕೆ ಹೋದಾಗ, ತೇವ ಹದಿನೆಂಟರಲ್ಲೇ ಇದ್ದರೂ ಅದು ಕೂಗಿತು. ಸ್ಪೀಕರ್ ಹೇಳಿದ ಮೇಲೆ ಕೇಳುವುದೇನು ಎಂದು ಹಮಾಲರು ಇಳಿಸಿದರು. ಅರೆಹಸಿ ರಾಶಿ ಬಿಸಿಯೇರಿ, ಮುಗ್ಗು ಹಿಡಿದು, ಮೆಟ್ರಿ ಊರಿನ ದಾರಿಯವರೆಗೂ ನಾತ ಹೊಡೆಯಿತು.

ಹದಿನೆಂಟರ ಮೊದಲ ಕಾವಲಿಗೆ ಸ್ಟಾಪ್ ಒತ್ತಿಯೇ ತಿಪ್ಪೇಶ ಹದಿನಾಲ್ಕರ ಎರಡನೆಯದನ್ನು ಚಾಲೂ ಮಾಡಿದ್ದ. ಕಾರಣ ಅವನಿಗೆ ಹೊಳೆದದ್ದು ಮೂಕಣ್ಣ ಗಿರಣಿ ನಿಲ್ಲಿಸುವುದನ್ನು ನೋಡುವಾಗ. ಮೊದಲು ಕಾಳು ಬೀಳುವ ಬಾಗಿಲು, ಎಲಿವೇಟರಿನ ಬಕೀಟುಗಳು ಖಾಲಿಯಾಗುವವರೆಗೆ ಕಾಯುವುದು, ಆಮೇಲೆ ಬ್ಲೋಯರ್, ಕಟ್ಟಕಡೆಗೆ ದೊಡ್ಡ ಸ್ವಿಚ್ಚು.

"ಬರೇ ದೀಪ ಆರಿಸಿ ಬಂದ್ರ ಮಿಲ್ಲು ನಿಂತಂಗಲ್ಲಲೇ," ಎಂದಿದ್ದ ಮೂಕಣ್ಣ. "ಕತ್ತಲಾಗ ಅದು ತಿರುಗ್ತಾನ ಇರತೈತಿ."

ಅಂದರೆ ವೀರೇಶನ ಸ್ಟಾಪ್ ಬಟನ್ ಆರಿಸುತ್ತಿದ್ದುದು ಪರದೆಯ ಮೇಲಿನ ದೀಪವನ್ನಷ್ಟೇ. ಹಳೆಯ ಕಾವಲುಗಾರ ಒಳಗೆ ಹದಿನೆಂಟಕ್ಕೇ ಕಣ್ಣಿಟ್ಟು ಕೂತೇ ಇದ್ದ. ತಿಪ್ಪೇಶ ಫೋನಿನಲ್ಲಿ ಇದನ್ನು ಹೇಳಿದಾಗ ವೀರೇಶ ನಕ್ಕುಬಿಟ್ಟ. "ಬಿಕಾಂ ಓದ್ಕೊಂಡು ನಂಗ ಪ್ರೋಗ್ರಾಮ್ ಕಲಿಸ್ತೀಯೇನಲೇ?"

"ಆ ಸ್ಪೀಕರಿಗೆ ಮೈಕು ಹಚ್ಚಾಕ ಬರತೈತೇನು?" ಎಂದಷ್ಟೇ ತಿಪ್ಪೇಶನನ್ನು ಕೇಳಿದ ಮೂಕಣ್ಣ. ಹೆಸರು ಮೂಕಣ್ಣನಾದರೂ ತಾಲೂಕು ಕಚೇರಿಯ ಗುಮಾಸ್ತನಿಂದ ಹಿಡಿದು ಸುಂಕಲಮ್ಮನ ಮೇಕೆಯವರೆಗೆ ಊರಿನ ದನಿಯೆಲ್ಲ ಅವನ ಗಂಟಲಲ್ಲಿತ್ತು.

"ನೋಡ್ರಿ ಮೇಡಂ. ಇದು ಸ್ಟಾರ್ಟ್. ಇದು ಸ್ಟಾಪ್." ಈಗ ಯಜಮಾನಿಯ ಮುಂದೆ ವೀರೇಶ ಬೆರಳೆತ್ತಿ, ಉದ್ಘಾಟನೆಗೆ ಬಂದವನಂತೆ ಒಂದಾದ ಮೇಲೊಂದು ಒತ್ತಿದ. ಪರದೆಯ ಹಸಿರು ದೀಪ ಹೊತ್ತಿ, ಆರಿತು. "ಖಲಾಸ್. ಎಮ್ಮೀನೂ ಮಾಡ್ತೈತಿ ಇದನ್ನ."

"ಗಮನಿಸಿ," ಎಂದಿತು ಸ್ಪೀಕರ್. "ಭತ್ತ ಒಣಗಿದೆ. ಇಳಿಸಬಹುದು."

ಡ್ರೈಯರ್ ಖಾಲಿ ಇತ್ತು. ವೀರೇಶ ಮತ್ತೆ ಒತ್ತಿದ. ಸ್ಪೀಕರ್ ಮತ್ತೆ ಗಮನಿಸಿ ಎಂದಿತು.

"ಏನಪಾ, ಎಮ್ಮಿ ಒತ್ತಿದ್ರೂ ನಿಲ್ಲವಲ್ದಲ್ಲ," ಎಂದರು ಗಂಗಾಂಬಿಕಾ.

ವೀರೇಶನ ಕಿವಿ ಕೆಂಪಾದವು. "ಅದು... ಹಳೇವು ಒಳಗ ಉಳಿದಿರ್ತಾವ್ರಿ. ಸ್ಟಾಪ್ ಒತ್ತಿದ್ರ ದೀಪ ಅಷ್ಟ ಹೋಗತೈತಿ. ಅವನ್ನ ನಿಲ್ಲಿಸೋದು ಬರೀಬೇಕಿತ್ತು, ಟೈಮ್ ಸಿಗಲಿಲ್ಲ."

"ಹಂಗಾರ ಈ ಹುಡುಗ ಒತ್ತಿದ್ದು ಖರೇ?"

"ಒತ್ತಿರಬೇಕ್ರಿ. ತಡೀರಿ, ವೈರ್ ಕಿತ್ರ ಎಲ್ಲಾ ಸಾಯ್ತಾವ." ಮೇಜಿನ ಕೆಳಗೆ ನುಸುಳಿ ಕಂಪ್ಯೂಟರಿನ ವೈರು ಕಿತ್ತ. ಪರದೆ ಕಪ್ಪಾಯಿತು.

"ಗಮನಿಸಿ." ಅದೇ ದನಿ, ಅದೇ ಬಿಗುಮಾನ. "ವೀರೇಶ್ ಸಾಹೇಬರು ಒಣಗಿದ್ದಾರೆ. ಇಳಿಸಬಹುದು."

ಗೋದಾಮಿನ ಬಾಗಿಲ ಹಿಂದಿನಿಂದ ಮೂಕಣ್ಣ ಮೈಕು ಹಿಡಿದು ಹೊರಬಂದ. ಹಮಾಲರು ಚೀಲಗಳ ಮೇಲೆ ಬಿದ್ದು ನಕ್ಕರು. ಗಂಗಾಂಬಿಕಾ ಸೆರಗನ್ನು ಬಾಯಿಗೆ ಒತ್ತಿಕೊಂಡು, "ತಿಪ್ಪೇಶ, ಸೋಮವಾರದ ಹುಡುಗಗ ಬರಬ್ಯಾಡ ಅಂತ ಫೋನ್ ಹಚ್ಚು," ಎಂದರು.

ವೀರೇಶ ಮೇಜಿನ ಕೆಳಗಿಂದಲೇ ಒಬ್ಬೊಬ್ಬರ ಮುಖ ನೋಡಿದ. ಆಮೇಲೆ ಎಲ್ಲರಿಗಿಂತ ಜೋರಾಗಿ ನಗತೊಡಗಿದ. "ಮಸ್ತ್ ಅಜ್ಜ, ಭಾಳ ಮಸ್ತ್," ಎಂದು ತೊಡೆ ತಟ್ಟಿಕೊಂಡ. ವೈರು ಇನ್ನೂ ಕೈಯಲ್ಲೇ ಇತ್ತು.

ಊಟದ ಹೊತ್ತಾಗಿತ್ತು. ಮೂಕಣ್ಣ ಮೈಕನ್ನು ತಿಪ್ಪೇಶನಿಗೆ ಕೊಟ್ಟು ಯಂತ್ರಗಳ ಕಡೆ ನಡೆದ. ಕಾಳಿನ ಬಾಗಿಲು ಮುಚ್ಚಿದ. ಬಕೀಟುಗಳು ಒಂದೊಂದಾಗಿ ಬರಿದಾಗಿ ಮೇಲೆ ಬಂದವು. ಬ್ಲೋಯರಿನ ಸದ್ದು ಇಳಿಯಿತು. ದೊಡ್ಡ ಸ್ವಿಚ್ಚು ಬಿತ್ತು. ಹಮಾಲರು ನಗು ಮುಗಿಸಿ, ಕೈ ತೊಳೆದು, ಬುತ್ತಿ ಬಿಚ್ಚಿದರು.

ಗಿರಣಿಯೆಲ್ಲ ಸುಮ್ಮನಾದ ಮೇಲೂ ವೀರೇಶ ನಗುತ್ತಲೇ ಇದ್ದ.