ಕಿರೀಟವಿಲ್ಲದ ಮಂದೆ

ನಮ್ಮ ಕೋಲ್‌ಬೆರ್ಗ್ ಗುಡ್ಡ ಯಾರನ್ನೂ ಬೇಡ ಅಂದದ್ದಿಲ್ಲ. ತಾತ ಅಲ್ಲಿ ಇದ್ದಿಲು ಸುಟ್ಟ. ಆ ಕಪ್ಪು ಮಣ್ಣಿನಲ್ಲಿ ಬೆಳೆದ ಕಾಡು ಸ್ಟ್ರಾಬೆರಿ ತಿಂದು ನಾವು ಮಕ್ಕಳು ಮೂತಿಯೆಲ್ಲ ಮಸಿ ಮಾಡಿಕೊಳ್ಳುತ್ತಿದ್ದೆವು. ಆ ರುಚಿ ಮತ್ತೆ ಸಿಗಲಿಲ್ಲ. ಕಾಡು ಬೋಳಾದ ಕಡೆ ಅಪ್ಪ ಊರವರ ದನ ಮೇಯಿಸಿದ. ಆಮೇಲೆ ಪಕ್ಕದ ಮನೆ ಶೋರ್ಶನ ಅಪ್ಪ ನಮ್ಮ ಹುಲ್ಲಿನ ನಡುವೆಯೇ ಕಂಬ ನೆಟ್ಟು, ಪಟ್ಟಣದವರನ್ನು ತಂತಿಯಲ್ಲಿ ಮೇಲೆಳೆದು ಹಿಮದಲ್ಲಿ ಜಾರಿಸಿದ. ಅಂದಿನಿಂದ ಎರಡು ಮನೆಗೂ ಎಣ್ಣೆ ಸೀಗೆಕಾಯಿ. ಹಿಮ ಕಡಿಮೆಯಾಯಿತು, ಕಂಬ ಕಿತ್ತರು, ಗುಂಡಿ ಉಳಿಯಿತು. ಈಗ ಗುಡ್ಡ ಕುಡಿಯುವ ನೀರಿಗೆ ಮೀಸಲು, ದನ ಹತ್ತುವಂತಿಲ್ಲ.

ಅಪ್ಪನ ನಂತರ ಅಲ್ಲಿ ದನ ಮೇಯಿಸಿದ ಅಣ್ಣ ಕೋರ್ಬಿಗೆ ನಲವತ್ತಾರನೆಯ ಬೇಸಿಗೆಯೇ ಕೊನೆಯದಾಯಿತು. ಅವನಿಗೆ ಒಂದೇ ಆಸೆಯಿತ್ತು: ಬೇಸಿಗೆ ಮುಗಿದು ಮಂದೆ ಊರಿಗೆ ಇಳಿಯುವಾಗ, ಈ ಕೊನೆಯ ಸಲವೂ ಮುಂದಿನ ಹಸುವಿನ ತಲೆಗೆ ಹೂವಿನ ಕಿರೀಟ ಇರಬೇಕು. ಹತ್ತಿಸಿದ ದನವೆಲ್ಲ ಜೀವಂತ ಇಳಿದರೆ ಮಾತ್ರ ಕಿರೀಟ. ಒಂದು ಸತ್ತರೂ ಇಲ್ಲ.

ನಾನು ಕಿರೀಟ ಕಟ್ಟಿ ಮುಗಿಸಿದ್ದೆ. ಇಳಿಯಲು ಎರಡು ದಿನವಿದ್ದಾಗ ಮಂಜಿನಲ್ಲಿ ಒಂದು ಕಡಸು ಹಳೇ ಕಂಬದ ಗುಂಡಿಗೆ ಬಿದ್ದು ಸತ್ತಿತು. ಅದು ಶೋರ್ಶನದೇ. ಮುನಿಸಿದ್ದರೂ ದನ ನಮ್ಮ ಮಂದೆಗೇ ಬಿಡುತ್ತಿದ್ದ. ಬೇರೆ ಗುಡ್ಡ ಎಲ್ಲಿತ್ತು?

ಊರಿನ ಅಧ್ಯಕ್ಷೆ ರೋಸ್ವಿತಾ ಓಡಿ ಬಂದಳು. "ಕೋರ್ಬಿಯಣ್ಣ, ಕಿರೀಟ ಹಾಕ್ಬಿಡಿ. ಬಸ್ಸುಗಟ್ಲೆ ಜನ ನೋಡಕ್ಕೆ ಬರ್ತಿದಾರೆ. ಒಂದು ಕಡಸು ಕಮ್ಮಿ ಅಂತ ಯಾರು ಎಣಿಸ್ತಾರೆ?"

ನಾನೂ ಅಂಗಲಾಚಿದೆ. "ಕೊನೇ ಸಲ ಅಣ್ಣ. ಒಂದು ದಿನ ಸುಳ್ಳಾಡಿದ್ರೆ ಗಂಟೇನು ಹೋಗತ್ತೆ?"

"ತಲೆ ಕೆಟ್ಟಿದ್ಯೇನೇ ವ್ರೋನಿ? ಮೂವತ್ತೆರಡು ಹತ್ತಿಸಿ, ಮೂವತ್ತೊಂದು ಇಳಿಸಿ, ಹೂ ಮುಡಿಸಿದ್ರೆ, ಹಿಂದೆ ಮುಡಿಸಿದ ಹೂವೆಲ್ಲ ಸುಳ್ಳಾಗತ್ತೆ."

ದನಗಳ ಕೊರಳ ಗಂಟೆಗಳಿಗೆ ಹುಲ್ಲು ತುರುಕಿ, ಸದ್ದಿಲ್ಲದೆ ಇಳಿದೆವು. ಕ್ಯಾಮೆರಾ ಹಿಡಿದವನೊಬ್ಬ, "ಮೆರವಣಿಗೆ ಯಾವಾಗ ಶುರು?" ಅಂದ. ಅವನ ಕೆನ್ನೆಗೆ ಬಾರಿಸೋಣ ಅನ್ನಿಸಿತು.

ಊರ ಬಾಗಿಲಲ್ಲಿ ಶೋರ್ಶ್ ನಿಂತಿದ್ದ. ಹಂಗಿಸಲು ಬಂದಿದ್ದಾನೆ ಅಂದುಕೊಂಡೆ. ಅವನು ಟೋಪಿ ತೆಗೆದ.

"ಗುಂಡಿ ನಮ್ಮಪ್ಪಂದು, ಕೋರ್ಬಿ. ನಾನು ಮುಚ್ಚಬೇಕಿತ್ತು."

"ಈಗ ಬುದ್ಧಿ ಬಂತಾ, ಕತ್ತೆ?"

"ನನ್ನ ಕಡಸು ಸಾಲಲ್ಲಿ ಎಲ್ಲಿ ನಡೀತಿತ್ತು?"

"ಕೊನೇಲಿ. ಶುದ್ಧ ಸೋಮಾರಿ, ನಿನ್ನ ಹಂಗೇ."

ಶೋರ್ಶ್ ಸಾಲಿನ ಕೊನೆಗೆ ಹೋಗಿ ನಿಂತ. ತಲೆ ತಗ್ಗಿಸಿ ಊರೆಲ್ಲ ನಡೆದ. ಕೋರ್ಬಿ ತಿರುಗಿಯೂ ನೋಡಲಿಲ್ಲ.

ಕೊಟ್ಟಿಗೆಯ ಮುಂದೆ ಅಣ್ಣ ಒಂದೊಂದು ದನದ ಬೆನ್ನಿಗೂ ಕೋಲು ಮುಟ್ಟಿಸಿ ಎಣಿಸಿದ. ಮೂವತ್ತೊಂದಕ್ಕೆ ದನ ಮುಗಿದವು. ಹಿಂದೆ ಶೋರ್ಶ್ ಒಬ್ಬನೇ ಉಳಿದಿದ್ದ. ಅಣ್ಣ ಕೋಲೆತ್ತಿ ಅವನ ಭುಜಕ್ಕೆ ಮೆಲ್ಲಗೆ ಮುಟ್ಟಿಸಿದ.

"ಮೂವತ್ತೆರಡು," ಅಂದ.